ಔಷಧಿಗೆ ಮೊದಲು ಟೆಸ್ಟ್ ಕೇಳಿ
(ನಮ್ಮ ಕೂಟದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳು)



ನಾನು ಭಾಷಣ ಮಾಡುವವನಲ್ಲ. ಹಾವೇರಿ ಜಿಲ್ಲೆಯವನು. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಅಬುಧಾಬಿಗೆ ಬಂದೆ, ಮುಸಫ್ಫಾದ ಕ್ಯಾಂಪ್‌ನಲ್ಲಿದ್ದೀನಿ. ಡಾಕ್ಟರ್ ವಿಷಯ ಇವನಿಗ್ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳ್ತೀನಿ. ಕೂಟದ ಸ್ಟಾಫ್ ನರ್ಸ್ ಅಕ್ಕ ಒಬ್ಬರು ಈ ಮಾತುಗಳನ್ನು ಮೊದಲೇ ಓದಿ, ತಪ್ಪಿದ್ದ ಕಡೆ ತಿದ್ದಿಕೊಟ್ಟಿದ್ದಾರೆ.

ನಮ್ಮ ಕಡೆ ಅಕ್ಕನ ಗಂಡನಿಗೆ ಮಾವ ಅಂತೀವಿ. ನಮ್ಮ ಮಾವನಿಗೆ 2021ರ ದೀಪಾವಳಿ ಸುಮಾರಿಗೆ ಸಂಡಾಸಿಗೆ ಹೋದಾಗ ರಕ್ತ ಹೋಗೋಕೆ ಶುರುವಾಯ್ತು. ಅಕ್ಕನಿಗೆ ಹೇಳಲಿಲ್ಲ, ನಾಚಿಕೆ. ನನಗೆ ಫೋನ್ ಮಾಡಿ ಮೆಲ್ಲಗೆ ಹೇಳಿದರು. ನಾನು ದೊಡ್ಡ ತಿಳಿದವನ ಹಾಗೆ, "ಅದು ಮೂಲವ್ಯಾಧಿ ಮಾವ, ಉಷ್ಣ ಆಗೇತಿ, ಮಜ್ಜಿಗಿ ಕುಡೀರಿ" ಅಂದೆ. ಇಲ್ಲಿಂದ ಊರಿಗೆ ಹೊರಟವರ ಕೈಯಲ್ಲಿ ಮುಲಾಮು ಬೇರೆ ಕಳಿಸಿದೆ. ಹಾಗೇ ಏಳು ತಿಂಗಳು ಹೋಯಿತು. ತೂಕ ಇಳಿದು, ದಿನಕ್ಕೆ ಏಳೆಂಟು ಸಲ ಹೋಗಬೇಕಾದ ಮೇಲೆ ಆಸ್ಪತ್ರೆಗೆ ಹೋದರು. ಕ್ಯಾಮೆರಾ ಹಾಕಿ ನೋಡಿ, ತುಂಡು ತೆಗೆದು ಬಯಾಪ್ಸಿ ಮಾಡಿದರು. ಗುದನಾಳದ ಕ್ಯಾನ್ಸರ್. ಆ ಏಳು ತಿಂಗಳು ನನ್ನ ಲೆಕ್ಕಕ್ಕೇ ಸೇರಿದ್ದು. ಅದನ್ನು ಯಾರ ಮೇಲೂ ಹಾಕಲ್ಲ.

ಅದು 2022ರ ಜೂನ್ ತಿಂಗಳು. ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಓಡಾಡಿದ್ದು ನಿಮ್ಮಲ್ಲೂ ಕೆಲವರಿಗೆ ನೆನಪಿರಬಹುದು: "ಕ್ಯಾನ್ಸರ್‌ಗೆ ಔಷಧ ಸಿಕ್ಕಿತು, ನೂರಕ್ಕೆ ನೂರು ಗುಣ." ಅದು ಪೂರ್ತಿ ಸುಳ್ಳಲ್ಲ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಗುದನಾಳದ ಕ್ಯಾನ್ಸರ್ ಇದ್ದವರಿಗೆ ದೋಸ್ತಾರ್ಲಿಮಾಬ್ ಅನ್ನುವ ಔಷಧಿಯನ್ನು ಮೂರು ವಾರಕ್ಕೊಮ್ಮೆ, ಆರು ತಿಂಗಳು ಕೊಟ್ಟಿದ್ದರು. ಅಷ್ಟರಲ್ಲಿ ಕೋರ್ಸ್ ಮುಗಿಸಿದ್ದ 12 ಜನರಿಗೂ ಗೆಡ್ಡೆ ಕಾಣದಂತಾಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. 2025ರಲ್ಲಿ ಹೊರಬಂದ ಮುಂದಿನ ವರದಿಯಲ್ಲಿ ಅಂಥವರು 49 ಜನ, 49 ಜನರಿಗೂ ಅದೇ ಫಲಿತಾಂಶ.

ಅಕ್ಕ ಆ ಮೆಸೇಜ್ ನನಗೂ ಕಳಿಸಿದಳು. "ಎರಡು ಎಕರೆ ಹೊಲ ಮಾರಿದ್ರೂ ಚಿಂತಿಲ್ಲ ತಮ್ಮಾ, ಆ ಔಷಧಿ ಹ್ಯಾಂಗರ ಮಾಡಿ ತರಿಸು" ಅಂದಳು. ತುಂಬಾ ದುಬಾರಿ ಔಷಧಿ. ನಾನೂ ಸಾಲ ಎಲ್ಲಿ ಸಿಗುತ್ತೆ ಅಂತ ಇಬ್ಬರನ್ನು ಕೇಳಿದ್ದೆ.

ಮೆಸೇಜ್‌ನಲ್ಲಿ ಒಂದು ಮುಖ್ಯ ಮಾತು ಬಿಟ್ಟುಹೋಗಿತ್ತು. ಔಷಧಿ ತೆಗೆದುಕೊಂಡ ಅಷ್ಟೂ ಜನರ ಗೆಡ್ಡೆ ಒಂದೇ ಜಾತಿಯದು. ಅದನ್ನು ಮೊದಲೇ ಟೆಸ್ಟ್ ಮಾಡಿ, ಅಂಥವರನ್ನೇ ಆರಿಸಿದ್ದರು. ಬೆಂಗಳೂರಿನ ಡಾಕ್ಟರ್ ಒಬ್ಬರು ಫೋನ್‌ನಲ್ಲಿ ನನಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ನನಗೆ ಅರ್ಥವಾದದ್ದು ಹೀಗೆ.

ನಮ್ಮ ಮೈಯ ಕಣ ಒಂದು ಎರಡಾಗುವಾಗ ಒಳಗಿನ ಡಿಎನ್‌ಎ ನಕಲಾಗುತ್ತೆ. ನಕಲು ಮಾಡುವಾಗ ತಪ್ಪುಗಳು ಆಗೇ ಆಗುತ್ತವೆ. ಅದನ್ನು ಹಿಡಿದು ತಿದ್ದುವ ಕೆಲಸದಲ್ಲಿ ನಾಲ್ಕು ಪ್ರೋಟೀನ್‌ಗಳು ಮುಖ್ಯ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಮೊದಲಿನೆರಡು ಒಂದು ಜೋಡಿ, ಕೊನೆಯೆರಡು ಇನ್ನೊಂದು ಜೋಡಿ. ನಮ್ಮಲ್ಲಿ ವೈರಿಂಗ್ ಮುಗಿದ ಮೇಲೆ ಚೆಕ್ ಮಾಡುವ ಟೀಮ್ ಇರುತ್ತಲ್ಲ, ಹಾಗೆ ಅಂದುಕೊಳ್ಳಿ. ಗೆಡ್ಡೆಯ ಕಣಗಳಲ್ಲಿ ಇವುಗಳಲ್ಲಿ ಒಂದೋ ಎರಡೋ ಇಲ್ಲದೆ ಹೋದರೆ ತಪ್ಪುಗಳು ರಾಶಿ ಬೀಳುತ್ತವೆ. ಆಗ ಆ ಕಣಗಳು ಪೂರ್ತಿ ಹೊರಗಿನವರ ಹಾಗೆ ಕಾಣುತ್ತವೆ. ಮೈಯ ರೋಗನಿರೋಧಕ ಕಣಗಳು ಅವನ್ನು ಗುರುತು ಹಿಡಿಯುತ್ತವೆ, ಆದರೆ ಗೆಡ್ಡೆ ಅವುಗಳ ಬ್ರೇಕ್ ಒತ್ತಿ ಹಿಡಿದಿರುತ್ತೆ. ಈ ಔಷಧಿ ಆ ಬ್ರೇಕ್ ಬಿಡಿಸುತ್ತೆ, ಅಷ್ಟೇ. ಮುಂದಿನ ಕೆಲಸ ಮೈಯೇ ಮಾಡಿಕೊಳ್ಳುತ್ತೆ.

ನಾಲ್ಕೂ ಪ್ರೋಟೀನ್ ಇದ್ದರೆ? ತಪ್ಪು ಕಡಿಮೆ, ಗುರುತು ಸಿಗುವುದಿಲ್ಲ. ಬ್ರೇಕ್ ಬಿಡಿಸಿದರೂ ಗಾಡಿ ಹೊರಡುವುದಿಲ್ಲ. ಗುದನಾಳದ ಕ್ಯಾನ್ಸರ್ ಬಂದ ನೂರು ಜನರಲ್ಲಿ ಪ್ರೋಟೀನ್ ಇಲ್ಲದವರು ಸುಮಾರು ಐದರಿಂದ ಹತ್ತು ಜನ ಮಾತ್ರ. ಉಳಿದವರಿಗೆ ಆ ಔಷಧಿಯೊಂದನ್ನೇ ಕೊಟ್ಟು ಈ ಫಲ ನಿರೀಕ್ಷಿಸುವ ಹಾಗಿಲ್ಲ.

ಇದನ್ನು ತಿಳಿಯಲು ಹೊಸದಾಗಿ ಚುಚ್ಚಬೇಕಿಲ್ಲ, ಕೊಯ್ಯಬೇಕಿಲ್ಲ. ಬಯಾಪ್ಸಿಗೆ ತೆಗೆದ ತುಂಡನ್ನು ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ಅದರ ತೆಳ್ಳನೆ ಪದರಕ್ಕೆ ಬಣ್ಣ ಹಿಡಿಸಿ ನೋಡುತ್ತಾರೆ. ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ, ಇಲ್ಲದಿದ್ದರೆ ಕಂದು ಇಲ್ಲ. ಹೆಸರು ಎಂಎಂಆರ್ ಟೆಸ್ಟ್, ಐಎಚ್‌ಸಿ ವಿಧಾನದಲ್ಲಿ ಮಾಡುತ್ತಾರೆ. ಮಾವನ ಮೊದಲ ರಿಪೋರ್ಟ್‌ನಲ್ಲಿ ಅದು ಇರಲಿಲ್ಲ. ಕೇಳಿದ ಮೇಲೆ ಅದೇ ಬ್ಲಾಕ್‌ನಿಂದ ಮಾಡಿದರು.

ರಿಪೋರ್ಟ್ ಬಂತು. ನಾಲ್ಕೂ ಇವೆ.

ಅಕ್ಕ ಅತ್ತಳು. ಎಲ್ಲ ಸರಿ ಇದೆ ಅಂತ ಬಂದರೆ ಖುಷಿಪಡಬೇಕು, ಇಲ್ಲಿ ಅದೇ ಕೆಟ್ಟ ಸುದ್ದಿ ಆಯಿತಲ್ಲ ಅಂತ ನನಗೂ ತಲೆ ಕೆಟ್ಟಿತು. ಆದರೆ ಹೊಲ ಉಳಿಯಿತು, ಹೊತ್ತೂ ಉಳಿಯಿತು. ಮಾವನಿಗೆ ಮಾಮೂಲಿ ದಾರಿಯಲ್ಲೇ ಚಿಕಿತ್ಸೆ ಆಯಿತು. ಐದಾರು ವಾರ ರೇಡಿಯೇಷನ್, ಜೊತೆಗೆ ಮಾತ್ರೆ, ಆಮೇಲೆ ಆಪರೇಷನ್. ಕೆಲವು ತಿಂಗಳು ಹೊಟ್ಟೆಗೆ ಚೀಲ ಇತ್ತು, ಈಗ ತೆಗೆದಿದ್ದಾರೆ. ಮೊದಲಿನಷ್ಟು ಶಕ್ತಿ ಇಲ್ಲ. ಆದರೂ ದಿನಾ ಹೊಲಕ್ಕೆ ಹೋಗಿಬರುತ್ತಾರೆ.

ರೇಡಿಯೇಷನ್‌ನಿಂದಲೇ ಕೆಲವರಿಗೆ ಗೆಡ್ಡೆ ಪೂರ್ತಿ ಕರಗುತ್ತೆ. ಅಂಥವರಿಗೆ ಆಪರೇಷನ್ ಮಾಡದೆ ಕಣ್ಣಿಟ್ಟು ಕಾಯುವ ಪದ್ಧತಿಯನ್ನು ಬ್ರೆಜಿಲ್‌ನ ಸಾವೊ ಪಾಲೊದ ಡಾಕ್ಟರ್ ಏಂಜೆಲಿಟಾ ಹಬ್ರ್ ಗಾಮಾ ತೋರಿಸಿಕೊಟ್ಟರು. ಯಾರಿಗೆ ಕರಗುತ್ತೆ ಅಂತ ಮೊದಲೇ ಹೇಳಲು ಎಷ್ಟೋ ಪ್ರೋಟೀನ್‌ಗಳನ್ನು ಪರೀಕ್ಷಿಸಿದ್ದಾರೆ. ಒಂದೇ ಪ್ರೋಟೀನ್ ನೋಡಿ ಗ್ಯಾರಂಟಿ ಕೊಡುವಂಥದ್ದು ಇನ್ನೂ ಬಂದಿಲ್ಲ. ಕೊಡ್ತೀವಿ ಅನ್ನುವವರನ್ನು ನಂಬಬೇಡಿ.

ರಕ್ತದಲ್ಲಿ ನೋಡುವ ಸಿಇಎ ಅಂತ ಇನ್ನೊಂದು ಪ್ರೋಟೀನ್ ಇದೆ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಗೋಲ್ಡ್ ಮತ್ತು ಫ್ರೀಡ್ಮನ್ ಅದನ್ನು ಕಂಡುಹಿಡಿದರು. ಹೆಲ್ತ್ ಚೆಕಪ್ ಪ್ಯಾಕೇಜ್‌ಗಳಲ್ಲಿ ಇದನ್ನೂ ಸೇರಿಸುತ್ತಾರೆ. ಸಿಗರೇಟು ಸೇದುವವರಿಗೆ ಕ್ಯಾನ್ಸರ್ ಇಲ್ಲದಿದ್ದರೂ ಜಾಸ್ತಿ ಬರಬಹುದು, ಕ್ಯಾನ್ಸರ್ ಇದ್ದೂ ನಾರ್ಮಲ್ ಬರಬಹುದು. ಹಾಗಾಗಿ ರೋಗ ಇದೆಯೋ ಇಲ್ಲವೋ ಅಂತ ಹೇಳಲು ಅದೊಂದೇ ಸಾಲದು. ಚಿಕಿತ್ಸೆ ಆದವರನ್ನು ಗಮನಿಸಲು ಉಪಯೋಗ. ನಂಬರ್ ಏರುತ್ತಾ ಹೋದರೆ ಮತ್ತೆ ಹುಡುಕಿ ಅಂತ ಅರ್ಥ. ಮಾವನಿಗೆ ಈಗಲೂ ಡಾಕ್ಟರ್ ಹೇಳಿದ ಸಮಯಕ್ಕೆ ಮಾಡಿಸುತ್ತೀವಿ.

ನಿಮ್ಮಲ್ಲಿ ನನ್ನ ಕೋರಿಕೆ ಮೂರು.

ಒಂದು, ರಕ್ತ ಹೋದರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ. ನಾವು ಬಿಸಿಲಲ್ಲಿ ದುಡಿಯುವವರು, ನೀರು ಕಡಿಮೆ ಕುಡಿಯುವವರು, ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರ್. ಇನ್ಶೂರೆನ್ಸ್ ಕಾರ್ಡ್ ಪರ್ಸ್‌ನಲ್ಲಿ ಇಟ್ಟುಕೊಂಡು ರೂಮ್‌ಮೇಟ್ ಹತ್ತಿರ ಮುಲಾಮು ಕೇಳಬೇಡಿ.

ಎರಡು, ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಅಂತ ಬಂದರೆ ಚಿಕಿತ್ಸೆ ಶುರುವಾಗುವ ಮೊದಲೇ "ಎಂಎಂಆರ್ ಟೆಸ್ಟ್ ಆಗಿದೆಯಾ ಸಾರ್?" ಅಂತ ಕೇಳಿ. ಆ ಐದು ಹತ್ತು ಜನರಲ್ಲಿ ನಿಮ್ಮವರೂ ಇರಬಹುದು. ಅಂಥವರಿಗೆ ದಾರಿಯೇ ಬೇರೆ.

ಮೂರು, ಪ್ರೋಟೀನ್ ಇಲ್ಲ ಅಂತ ಬಂದರೆ ಅದು ವಂಶದಲ್ಲಿ ಬಂದದ್ದಾ ಅಂತ ವಿಚಾರಿಸಿ. ಎಲ್ಲರದೂ ಹಾಗಿರಲ್ಲ. ಆದರೆ ವಂಶದ್ದಾದರೆ ಲಿಂಚ್ ಸಿಂಡ್ರೋಮ್ ಅಂತಾರೆ, ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಗ ಅಣ್ಣ ತಮ್ಮ, ಅಕ್ಕ ತಂಗಿಯರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಟೆಸ್ಟರ್ ಹಚ್ಚದೆ ನಾನು ಯಾವ ವೈರನ್ನೂ ಮುಟ್ಟಲ್ಲ. ಐಟಿಐನಲ್ಲಿ ಮೊದಲ ವಾರ ಕಲಿತದ್ದು ಅದು. ಮಾವ ಫೋನ್ ಮಾಡಿದ ದಿನ ಮಾತ್ರ ಟೆಸ್ಟ್ ಇಲ್ಲದೆ ಮುಲಾಮು ಕಳಿಸಿಬಿಟ್ಟೆ. ನಿಮಗೂ ಊರಿಂದ ಅಂಥ ಫೋನ್ ಬಂದರೆ, ಮೊದಲು ಆಸ್ಪತ್ರೆಗೆ ಹೋಗಿ ಅನ್ನಿ.