ಪಕ್ಕದ ಮನೆಯ ಮೊಲ

ಮೈಸೂರಿನ ನಮ್ಮ ಕುವೆಂಪುನಗರದ ಬೀದಿಯಲ್ಲಿ ಒಂದು ಮನೆಯ ತಾರಸಿ ಮೇಲೆ, ತಗಡಿನ ಸೂರಿನಡಿ, ಮೊಲದ ಗೂಡಿದೆ. ಮಕ್ಕಳು ಹಟ ಹಿಡಿದರೆಂದು ತಂದದ್ದು. ಪರೀಕ್ಷೆ ಬಂತು, ಮೊಲ ಮೂಲೆಗೆ ಬಿತ್ತು. ನೀರಿನ ಬಟ್ಟಲ ತಳದಲ್ಲಿ ಪಾಚಿ ಒಣಗಿದೆ. ಬೆಳೆದ ಉಗುರು ತಂತಿಗೆ ಸಿಕ್ಕಿಕೊಳ್ಳುತ್ತದೆ. ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಸಂಕಟ.

ನಾಯಿ ಹಸಿದರೆ ಬೊಗಳೀತು, ಬೆಕ್ಕು ಕೂಗೀತು. ಮೊಲ ಸುಮ್ಮನಿರುತ್ತದೆ. ಬೇಟೆಗೆ ಗುರಿಯಾಗುವ ಜೀವ, ಕಾಯಿಲೆಯನ್ನು ಬಚ್ಚಿಡುವುದೇ ಅದರ ಸ್ವಭಾವ. ಅದರ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಸವೆಯಲು ಒಣಹುಲ್ಲು ಬೇಕೇ ಬೇಕು, ಬರೀ ಕ್ಯಾರೆಟ್ ಸಾಲದು. ಒಂದು ದಿನ ಮೇವು ತಪ್ಪಿದರೂ ಕರುಳಿನ ಚಲನೆ ನಿಂತು ಪ್ರಾಣಕ್ಕೆ ಕುತ್ತು ಬರಬಹುದು. ಬೆವರಿ ತಂಪಾಗುವ ಶಕ್ತಿಯೂ ಅದಕ್ಕಿಲ್ಲ. ಏಪ್ರಿಲ್‌ನ ಮೈಸೂರಿನ ಬಿಸಿಲಲ್ಲಿ ತಗಡಿನಡಿಯ ಕಾವು ಹೇಗಿರುತ್ತದೆಂದು ನಿಮಗೆ ಗೊತ್ತು.

ಪರರ ಮನೆಯ ವಿಷಯ ನಮಗೇಕೆ ಅಂದುಕೊಳ್ಳಬೇಡಿ. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೂ ದೂರಿಗಿಂತ ಮೊದಲು ಬಾಗಿಲು ತಟ್ಟುವುದೇ ಸರಿ. “ಅಕ್ಕಾ, ಮೊಲಕ್ಕೆ ಹುಲ್ಲು ತಂದಿದ್ದೀನಿ, ಹಾಕ್ಲಾ?” ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಸಾಕಲಾರದೆ ಅವರೂ ಒದ್ದಾಡುತ್ತಿರಬಹುದು; ಬೇರೆ ಮನೆ ಹುಡುಕಲು ಕೈಜೋಡಿಸಬಹುದು. ಯಾವುದಕ್ಕೂ ಬಗ್ಗದಿದ್ದರೆ ಪೀಪಲ್ ಫಾರ್ ಅನಿಮಲ್ಸ್‌ನಂಥ ಪ್ರಾಣಿರಕ್ಷಣಾ ಸಂಸ್ಥೆ ನಮ್ಮೂರಲ್ಲೇ ಇದೆ.

ಬೇಸಿಗೆ ರಜೆಗೆ ಬೀಗ ಹಾಕಿ ಊರಿಗೆ ಹೊರಡುವವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಅವರ ಮನೆಯಲ್ಲಿ ಗೂಡಿದ್ದರೆ, ದಯವಿಟ್ಟು ಇವತ್ತೇ ಹೋಗಿ ಕೇಳಿ, ನೀರು ಹಾಕುವವರು ಯಾರು ಎಂದು.