ವಿಶ್ವವಿದ್ಯಾಲಯದ ಬಾಗಿಲೂ ಅರ್ಜಿಯ ಕಾಗದವೂ

(ಮಹೋತ್ಸವದ ಅಂಗವಾಗಿ ನೆರೆದ ವಿದ್ಯಾರ್ಥಿ ಸಮ್ಮೇಲನದಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದಲ್ಲಿ ನಾನೂ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ ನಾನು ತುಸು ಅಳುಕಿದೆನು. ಶಾಸ್ತ್ರವಿಚಾರವನ್ನು ಹೇಳಲು ನಾನು ಪಂಡಿತನಲ್ಲ. ವಾಗ್ಮಿಯಂತೂ ಅಲ್ಲವೇ ಅಲ್ಲ. ಮೂವತ್ತನಾಲ್ಕು ವರ್ಷಗಳ ಕಾಲ ಒಂದು ಕಾಲೇಜಿನ ಕಛೇರಿಯಲ್ಲಿ ಕುಳಿತು ಪ್ರವೇಶದ ಅರ್ಜಿಗಳನ್ನು ಸ್ವೀಕರಿಸಿದವನು, ಅಷ್ಟೆ. ಆದಕಾರಣ ನನಗೆ ಬಲ್ಲ ಒಂದೇ ವಿಷಯವನ್ನು, ಎಂದರೆ ವಿಶ್ವವಿದ್ಯಾಲಯವನ್ನು ಸೇರುವ ಬಗೆಯನ್ನು, ತಮ್ಮ ಮುಂದೆ ನಿವೇದಿಸುವೆನು. ವಿಷಯವು ಒಣವಾದುದೆಂದು ತಾವು ಬೇಸರಿಸಬಾರದು. ಈ ಒಣ ವಿಷಯವನ್ನು ಅರಿಯದುದರಿಂದಲೇ ಎಷ್ಟೋ ಮನೆಗಳಲ್ಲಿ ಕಣ್ಣೀರು ಬಿದ್ದುದನ್ನು ನಾನು ಕಂಡಿದ್ದೇನೆ.

ನಮ್ಮ ಹಿರಿಯರ ಕಾಲದಲ್ಲಿ ಈ ಬಾಗಿಲು ಬಹು ದೂರದಲ್ಲಿತ್ತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಧಾರವಾಡ, ಬೆಳಗಾವಿ, ವಿಜಾಪುರಗಳ ಹುಡುಗರಿಗೆ ಅದೇ ವಿಶ್ವವಿದ್ಯಾಲಯವಾಗಿತ್ತು. ಮ್ಯಾಟ್ರಿಕ್ಯುಲೇಶನ್ ಎಂಬುದು ಶಾಲೆಯ ಕೊನೆಯ ಪರೀಕ್ಷೆಯೆಂದು ನಾವು ಭಾವಿಸುತ್ತಿದ್ದರೂ ಮೂಲದಲ್ಲಿ ಅದು ವಿಶ್ವವಿದ್ಯಾಲಯದ ಪ್ರವೇಶಪರೀಕ್ಷೆಯೇ ಸರಿ. ಆ ಶಬ್ದದ ಅರ್ಥವೇ ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಳ್ಳುವುದು. ಅದರಲ್ಲಿ ತೇರ್ಗಡೆಯಾದವನು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಮೈಸೂರು ಸೀಮೆಗೆ 1916ರಲ್ಲಿ ತನ್ನದೇ ವಿಶ್ವವಿದ್ಯಾಲಯವಾಯಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದಿತು. ಕಲಬುರ್ಗಿಯ ಜನರು 1980ರ ವರೆಗೆ ಕಾಯಬೇಕಾಯಿತು. ಹೀಗೆ ಊರು ಹತ್ತಿರವಾಯಿತು. ಆದರೆ ಬಾಗಿಲು ಹತ್ತಿರವಾದಷ್ಟೂ ಬಾಗಿಲಲ್ಲಿ ಕೇಳುವ ಕಾಗದಗಳು ಹೆಚ್ಚಿದುವು. ಆಗ ಹಣವಿಲ್ಲದೆ ಹಿಂದಿರುಗುತ್ತಿದ್ದರು. ಈಗ ಕಾಗದವಿಲ್ಲದೆ ಹಿಂದಿರುಗುವವರೂ ಉಂಟು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 1991ನೆಯ ಇಸವಿಯ ಜೂನ್ ತಿಂಗಳು. ಅರ್ಜಿ ಕೊಡಲು ಅಂದೇ ಕಡೆಯ ದಿನ. ಕಛೇರಿ ಮುಚ್ಚಲು ಐದು ನಿಮಿಷ ಉಳಿದಿತ್ತು. ಒಬ್ಬ ರೈತನು ತನ್ನ ಮಗಳನ್ನು ಕರೆದುಕೊಂಡು, ಮೈಯೆಲ್ಲ ಮಳೆಯಲ್ಲಿ ತೊಯ್ದು, ಕಾಗದಗಳನ್ನು ಮಾತ್ರ ಧೋತರದ ಮಡಿಕೆಯಲ್ಲಿ ಒಣಗಿಟ್ಟುಕೊಂಡು ಬಂದನು. ಹುಡುಗಿಗೆ ಒಳ್ಳೆಯ ಅಂಕಗಳಿದ್ದುವು. ಆದರೆ ಅಂಕಪಟ್ಟಿಯಲ್ಲಿ ಅವಳ ಹೆಸರು ‘ಅವ್ವ’ ಎಂದು ಮುಗಿದಿತ್ತು, ತಹಶೀಲ್ದಾರರ ಪತ್ರದಲ್ಲಿ ‘ಅಮ್ಮ’ ಎಂದು ಮುಗಿದಿತ್ತು. “ತಿದ್ದಿಸಿಕೊಂಡು ಬನ್ನಿರಿ” ಎಂದು ಹೇಳಿ ನಾನು ಖಿಡಕಿಯನ್ನು ಮುಚ್ಚಿದೆನು. ಮುಚ್ಚಳಿಕೆ ಬರೆದುಕೊಟ್ಟರೆ ಅರ್ಜಿಯನ್ನು ಸ್ವೀಕರಿಸಿ, ತಿದ್ದಿದ ಪತ್ರವನ್ನು ಹದಿನೈದು ದಿವಸಗಳಲ್ಲಿ ತರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದ್ದುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಮನೆಗೆ ಹೋಗುವ ಆತುರವೊಂದನ್ನು ಬಿಟ್ಟು ಅದಕ್ಕೆ ಬೇರೆ ಕಾರಣವಿರಲಿಲ್ಲ. ಅವರು ಮರಳಿ ಬರಲಿಲ್ಲ.

ಕಥೆಯು ಅಲ್ಲಿಗೇ ಮುಗಿಯಲಿಲ್ಲ. ಉಳಿದುದನ್ನು ಆಮೇಲೆ ಹೇಳುವೆನು. ಮೊದಲು ಕೆಲಸದ ಮಾತು.

ನಮ್ಮ ಜನರಲ್ಲಿ ಬೇರೂರಿದ ಒಂದು ಭ್ರಾಂತಿಯುಂಟು. ಪಿಯುಸಿಯ ಫಲಿತಾಂಶವು ಬರಲಿ, ಆಮೇಲೆ ಕಾಲೇಜಿನ ವಿಚಾರ ಮಾಡೋಣ ಎಂಬುದು. ಬಿ.ಎ., ಬಿ.ಕಾಂ., ಬಿ.ಎಸ್‌ಸಿ.ಗಳಿಗೆ ಇದು ಹೇಗೋ ನಡೆದೀತು. ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿಗಳಿಗೆ ಹೋಗಬೇಕೆನ್ನುವವರಿಗೆ ಇದು ಘಾತಕವಾದುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಯಿಸುವ ಸಿಇಟಿಯ ಅರ್ಜಿಯು 2025ರಲ್ಲಿ ಜನವರಿಯಲ್ಲಿಯೇ ತೆರೆಯಿತು. ಪಿಯುಸಿಯ ಪರೀಕ್ಷೆಯು ಮಾರ್ಚಿಯಲ್ಲಿ. ಸಿಇಟಿಯು ಏಪ್ರಿಲ್ 16 ಮತ್ತು 17ರಂದು. ಎಂದರೆ ಹುಡುಗನು ಪಿಯುಸಿಗೆ ಕುಳಿತುಕೊಳ್ಳುವುದಕ್ಕೆ ಮುಂಚೆಯೇ ಅರ್ಜಿಯ ಅವಧಿಯು ಕಳೆದುಹೋಗಿರುತ್ತದೆ. ಫಲಿತಾಂಶವನ್ನು ಕಾದವನಿಗೆ ಕಾದುದೇ ಫಲವಾಗುತ್ತದೆ. ವೈದ್ಯಕೀಯದ ನೀಟ್ ಪರೀಕ್ಷೆಯ ಅರ್ಜಿಯೂ ಪಿಯುಸಿಯ ಫಲಿತಾಂಶವನ್ನು ಕಾಯುವುದಿಲ್ಲ. ಆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವುಂಟು. ಆದರೆ ಭಾಷೆಯನ್ನು ಅರ್ಜಿಯಲ್ಲಿಯೇ ಆರಿಸಿಕೊಳ್ಳಬೇಕು. ಡಿಸೆಂಬರ್ 31ಕ್ಕೆ ಹದಿನೇಳು ವರ್ಷ ತುಂಬಿರಬೇಕೆಂಬ ನಿಯಮವನ್ನೂ ನೆನಪಿಡತಕ್ಕದ್ದು.

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಅಂಕಗಳು, 80 ನಿಮಿಷಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದಕಾರಣ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿರಿ. ನೀಟಿನಲ್ಲಿ ಹಾಗಲ್ಲ, ಸರಿಯುತ್ತರಕ್ಕೆ 4 ಬಂದರೆ ತಪ್ಪಿಗೆ 1 ಹೋಗುತ್ತದೆ. ಇಂಜಿನಿಯರಿಂಗಿನ ಕ್ರಮಾಂಕವನ್ನು ಕಟ್ಟುವಾಗ ಪಿಯುಸಿಯ ಅಂಕಗಳಿಗೆ ಅರ್ಧ, ಸಿಇಟಿಯ ಅಂಕಗಳಿಗೆ ಅರ್ಧ ಬೆಲೆ. ಭೌತಶಾಸ್ತ್ರ, ಗಣಿತ ಮತ್ತು ಮೂರನೆಯ ವಿಜ್ಞಾನವಿಷಯ ಇವು ಕೂಡಿ ನೂರಕ್ಕೆ 45, ಹಿಂದುಳಿದ ಪ್ರವರ್ಗಗಳವರಿಗೂ ಪರಿಶಿಷ್ಟರಿಗೂ 40 ಬರದಿದ್ದರೆ ಕ್ರಮಾಂಕವು ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಕೃಷಿಕರ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೇರೆ ಕೋಟಾ ಉಂಟು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಿದೆ. ಕಾಳುಗಳನ್ನೂ ಉಪಕರಣಗಳನ್ನೂ ಗುರುತಿಸಬೇಕಾದ ಆ ಪರೀಕ್ಷೆಯಲ್ಲಿ ಹೊಲವನ್ನೇ ಕಾಣದ ರೈತನ ಮಗನು ತೊದಲುವುದನ್ನು ನೆನೆದರೆ ನಗೆಯೂ ಬರುತ್ತದೆ, ವ್ಯಸನವೂ ಆಗುತ್ತದೆ. ರಜೆಯಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿರಿ.

ಇನ್ನು ಕಾಗದಗಳ ವಿಚಾರ. ಇದನ್ನು ತಂದೆತಾಯಂದಿರು ಲಕ್ಷ್ಯವಿಟ್ಟು ಕೇಳಬೇಕು.

ಎಲ್ಲಕ್ಕೂ ತಾಯಿಬೇರು ಎಸ್‌ಎಸ್‌ಎಲ್‌ಸಿಯ ಅಂಕಪಟ್ಟಿ. ಅದರಲ್ಲಿ ಹೆಸರು, ತಂದೆಯ ಹೆಸರು, ಜನ್ಮದಿನ ಹೇಗೆ ಅಚ್ಚಾಗಿವೆಯೋ ಆಧಾರದಲ್ಲಿಯೂ, ಜಾತಿ ಮತ್ತು ಆದಾಯದ ಪತ್ರದಲ್ಲಿಯೂ, ಬ್ಯಾಂಕಿನ ಪುಸ್ತಕದಲ್ಲಿಯೂ ಅಕ್ಷರಶಃ ಹಾಗೆಯೇ ಇರತಕ್ಕದ್ದು. ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬರಿಯ ಒಂದಕ್ಷರ, ಹೀಗಿರುವುದು ನಮ್ಮ ಸೀಮೆಯಲ್ಲಿ ಸಾಮಾನ್ಯ. ಮೊದಲು ಗುಮಾಸ್ತನಾದ ನನ್ನಂಥವನಿಗೆ ಕೈ ಮುಗಿದು ಕೇಳಬಹುದಾಗಿತ್ತು. ಈಗ ತಾಳೆ ನೋಡುವುದು ಯಂತ್ರ. ಅದಕ್ಕೆ ಕೈ ಮುಗಿದರೆ ಕಾಣುವುದಿಲ್ಲ. ಅಂಕಪಟ್ಟಿಯಲ್ಲಿಯೇ ತಪ್ಪಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಬರೆದು ತಿದ್ದಿಸಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಆದುದರಿಂದ ಹತ್ತನೆಯ ತರಗತಿಯಲ್ಲಿ ಶಾಲೆಯವರು ಹೆಸರಿನ ಪಟ್ಟಿಯನ್ನು ಓದಿ ಸಹಿ ಮಾಡಿರೆಂದಾಗ, ಓದಿಯೇ ಸಹಿ ಮಾಡಿರಿ.

ಎರಡನೆಯದು ತಹಶೀಲ್ದಾರರ ಪತ್ರ. 2002ರ ಸರಕಾರಿ ಆದೇಶದ ಪ್ರಕಾರ ನಮ್ಮ ಸಮಾಜದ ಬಹುಭಾಗವು 3ಬಿ ಪ್ರವರ್ಗದಲ್ಲಿದೆ, ಅದಕ್ಕೆ ನೂರಕ್ಕೆ 5 ಸ್ಥಾನಗಳು; ಕೆಲವು ಒಳಪಂಗಡಗಳು 2ಎಯಲ್ಲಿವೆ. ಯಾವುದರಲ್ಲಿದ್ದೀರೆಂಬುದನ್ನು ನೆರೆಯವರ ಮಾತಿನಿಂದಲ್ಲ, ಪಟ್ಟಿಯನ್ನು ನೋಡಿ ತಿಳಿಯಿರಿ. ಈ ಪ್ರವರ್ಗಗಳ ಪತ್ರಕ್ಕೆ ನಮೂನೆ ಎಫ್ ಎಂದು ಹೆಸರು. ನಾಡಕಛೇರಿಯಲ್ಲಿ ಅರ್ಜಿ ಕೊಡಬೇಕು. ಅದರ ಮೇಲೆ ಆರ್.ಡಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯೊಂದಿರುತ್ತದೆ. ಸಿಇಟಿಯ ಅರ್ಜಿಯು ಕೇಳುವುದು ಆ ಸಂಖ್ಯೆಯನ್ನೇ. ಪತ್ರವು ಐದು ವರ್ಷ ಮಾತ್ರ ಸಲ್ಲುತ್ತದೆ. ಅಣ್ಣನಿಗೆ ಮಾಡಿಸಿದ ಪತ್ರದಿಂದ ತಮ್ಮನ ಕೆಲಸವಾಗಲಾರದು.

ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ಕಲಬುರ್ಗಿಯ ಹತ್ತಿರ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಸ್ಥಳಗಳಲ್ಲಿ 3ಬಿ ಪತ್ರವು ನಡೆಯದು. ತಮ್ಮ ಪಂಗಡವು ಕೇಂದ್ರದ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯ ಪತ್ರ ಬೇಕು. ಇಲ್ಲದಿದ್ದರೆ ನಿರಾಶರಾಗಬೇಡಿರಿ, ವಾರ್ಷಿಕ ಆದಾಯವು 8 ಲಕ್ಷಕ್ಕಿಂತಲೂ ಜಮೀನು 5 ಎಕರೆಗಿಂತಲೂ ಕಡಿಮೆಯಿದ್ದು ಉಳಿದ ಷರತ್ತುಗಳೂ ಕೂಡಿಬಂದರೆ ಆರ್ಥಿಕವಾಗಿ ದುರ್ಬಲರೆಂಬ ಪತ್ರವನ್ನು ಪಡೆಯಬಹುದು. ಇದನ್ನು ಅರಿಯದೆ ಸಾಮಾನ್ಯವರ್ಗದಲ್ಲಿ ಅರ್ಜಿ ಹಾಕಿದ ಬಡವರ ಮಕ್ಕಳು ಒಬ್ಬಿಬ್ಬರಲ್ಲ. ಆ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಎಂಬ ಪರೀಕ್ಷೆಯಾಗುತ್ತಿದೆ, ಅದರಲ್ಲಿಯೂ ಕನ್ನಡವುಂಟು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಂದ ಬಂದ ಭಕ್ತಾದಿಗಳು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಆ ಸೀಮೆಯ ವಿದ್ಯಾಲಯಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆಗಳಲ್ಲಿ 8 ಸ್ಥಾನಗಳು ನಿಮ್ಮ ಮಕ್ಕಳಿಗೆ ಮೀಸಲಾಗಿವೆ. ಇದಕ್ಕೆ ಪತ್ರ ಕೊಡುವವರು ತಹಶೀಲ್ದಾರರಲ್ಲ, ಉಪವಿಭಾಗದ ಸಹಾಯಕ ಆಯುಕ್ತರು. ಎಪ್ರಿಲ್ ಮೇ ತಿಂಗಳಲ್ಲಿ ಆ ಕಛೇರಿಯ ಮುಂದಿನ ಸಾಲನ್ನು ಕಂಡವರು ದಸರೆಯ ರಜೆಯಲ್ಲಿಯೇ ಪತ್ರವನ್ನು ಮಾಡಿಸಿಟ್ಟುಕೊಳ್ಳುವರು.

ಇನ್ನೊಂದು ವಿಷಯವನ್ನು ಶ್ರೀಗಳವರ ಸಮ್ಮುಖದಲ್ಲಿ ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳದೆ ಇರಲಾರೆನು. ಒಂದನೆಯ ತರಗತಿಯಿಂದ ಹತ್ತನೆಯ ವರೆಗೆ ಹಳ್ಳಿಯ ಶಾಲೆಯಲ್ಲಿಯೇ ಓದಿದವರಿಗೆ ಗ್ರಾಮೀಣ ಮೀಸಲಾತಿ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಉಂಟು. ಪೂರ್ಣ ಹತ್ತು ವರ್ಷಗಳು. ಒಂದು ವರ್ಷ ಪಟ್ಟಣದಲ್ಲಿ ಕಳೆದರೂ ಗ್ರಾಮೀಣದ ಹಕ್ಕು ಹೋಗುತ್ತದೆ. ಈಗ ನೋಡಿರಿ, ಎಂಟನೆಯ ತರಗತಿಗೆಂದು ಹಳ್ಳಿಯ ಹುಡುಗನನ್ನು ಪಟ್ಟಣದ ಪ್ರಸಾದನಿಲಯಕ್ಕೆ ನಾವೇ ತಂದು ಸೇರಿಸುತ್ತೇವೆ. ಅನ್ನ, ವಸತಿ, ಒಳ್ಳೆಯ ಪಾಠ ಎಲ್ಲವೂ ಅವನಿಗೆ ದೊರೆಯುತ್ತವೆ, ಅದರೊಂದಿಗೇ ಈ ಹಕ್ಕು ಕಳೆಯುತ್ತದೆ. ಊರಲ್ಲಿ ಶಾಲೆಯೇ ಇಲ್ಲದವನಿಗೆ ಬೇರೆ ದಾರಿಯಿಲ್ಲ, ಬರಲಿ. ಊರಲ್ಲಿ ಒಳ್ಳೆಯ ಪ್ರೌಢಶಾಲೆಯಿದ್ದು, ಹುಡುಗನೂ ಚುರುಕಾಗಿದ್ದು, ಇಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಹೋಗಬೇಕೆಂಬ ಆಸೆಯಿದ್ದರೆ, ಹತ್ತನೆಯ ವರೆಗೆ ಅಲ್ಲಿಯೇ ಇರಿಸಿ ಪಿಯುಸಿಗೆ ಕರೆತರುವುದು ಲೇಸೋ ಎಂಬುದನ್ನು ವಿಚಾರಿಸಬೇಕು. ಗ್ರಾಮೀಣ ವ್ಯಾಸಂಗದ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿಯೊಂದರಿಂದಲೂ ತರಬೇಕು.

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯಿಂದ ಬಂದ ಬಂಧುಗಳಿಗೆ ಒಂದು ಮಾತು. ಮಹಾರಾಷ್ಟ್ರದಲ್ಲಿದ್ದೇವೆ, ನಮಗೆ ಕರ್ನಾಟಕದ ಸ್ಥಾನಗಳಿಲ್ಲವೆಂದು ಕೈಬಿಡಬೇಡಿರಿ. ಗಡಿನಾಡ ಕನ್ನಡಿಗರಿಗೆ ಸಿಇಟಿಯಲ್ಲಿ ಪ್ರತ್ಯೇಕ ದಾರಿಯಿದೆ. 50 ಅಂಕಗಳ ಕನ್ನಡದ ಪರೀಕ್ಷೆಯೊಂದನ್ನು ಬರೆದು ಅದರಲ್ಲಿ 12 ಅಂಕಗಳನ್ನು ಪಡೆಯಬೇಕು. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡವರಿಗೆ ಇದೇನು ದೊಡ್ಡದು!

ಕ್ರಮಾಂಕ ಬಂದ ಮೇಲೆ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕಾಗುತ್ತದೆ. ಯಂತ್ರವು ಮೇಲಿನಿಂದ ಕೆಳಗೆ ನೋಡುತ್ತ ಬಂದು, ದೊರೆಯುವ ಮೊದಲನೆಯದರಲ್ಲಿ ನಿಲ್ಲುತ್ತದೆ. ‘ಇದು ನಮಗೆ ಸಿಗಲಾರದು’ ಎಂದು ಬಯಸಿದುದನ್ನು ಕೆಳಗೆ ಬರೆದು, ಸುಲಭವಾದುದನ್ನು ಮೇಲೆ ಬರೆದರೆ, ಸುಲಭವಾದುದೇ ದೊರೆಯುವುದು. ಆಮೇಲೆ ಯಾರನ್ನು ದೂರುವುದು? ಬಯಸಿದುದನ್ನೇ ಮೇಲೆ ಬರೆಯಿರಿ. ಮೊದಲು ಅಣಕು ಹಂಚಿಕೆಯನ್ನು ತೋರಿಸುತ್ತಾರೆ. ಅದನ್ನು ನೋಡಿ ಕ್ರಮವನ್ನು ತಿದ್ದಿಕೊಳ್ಳಬಹುದು. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ದಾರಿಗಳು. ಒಪ್ಪಿ ಸೇರುವುದು ಮೊದಲನೆಯದು. ಇದು ಇರಲಿ, ಮೇಲಿನದು ಬಂದರೆ ಕೊಡಿರೆಂಬುದು ಎರಡನೆಯದು. ಇದು ಬೇಡ, ಮುಂದಿನ ಸುತ್ತಿಗೆ ಬರುವೆನೆಂಬುದು ಮೂರನೆಯದು. ಪೂರಾ ಬಿಟ್ಟುಹೋಗುವುದು ನಾಲ್ಕನೆಯದು. ಎರಡನೆಯದರಲ್ಲಿ ಮೇಲಿನ ಸ್ಥಾನವು ಬಂದೊಡನೆ ಮೊದಲಿನದು ತಾನಾಗಿಯೇ ಹೋಗುತ್ತದೆ. ಮೂರನೆಯದನ್ನು ಒತ್ತುವ ಮುನ್ನ ಹಿರಿಯರೊಬ್ಬರನ್ನು ಕೇಳಿರಿ; ಕೈಯಲ್ಲಿದ್ದುದು ಹೋಗಿ ಏನೂ ಬಾರದೆ ಇರಬಹುದು.

ಬಿ.ಎ., ಬಿ.ಕಾಂ.ಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಾಲೇಜಿನಲ್ಲಿಯೂ ವಿಶ್ವವಿದ್ಯಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿಯೂ ಹೆಸರು ನೋಂದಾಯಿಸಬೇಕು. 2024ರಿಂದ ಪದವಿಯು ಮತ್ತೆ ಮೂರು ವರ್ಷಗಳದಾಗಿದೆ. ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆಯು ಸೈಬರ್ ಅಂಗಡಿಯವನದಾಗಿರಬಾರದು, ತಮ್ಮದೇ ಆಗಿರಬೇಕು. ಓಟಿಪಿಯು ಅವನಿಗೆ ಬಂದು, ಅವನು ಅಂಗಡಿ ಮುಚ್ಚಿ ಜಾತ್ರೆಗೆ ಹೋದರೆ ಗತಿಯೇನು? ಮೂಲಕಾಗದಗಳನ್ನು ಒಪ್ಪಿಸುವ ಮೊದಲು ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿರಿ, ಒಪ್ಪಿಸಿದುದಕ್ಕೆ ರಸೀದಿ ಕೇಳಿರಿ. ಕೇಳಿದರೆ ಗುಮಾಸ್ತನು ಮುಖ ಸಿಂಡರಿಸಿಯಾನು, ಸಿಂಡರಿಸಲಿ.

ಆ ಹುಡುಗಿಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆನು. 2014ರಲ್ಲಿ, ನಾನು ನಿವೃತ್ತನಾಗುವುದಕ್ಕೆ ಮೂರು ವರ್ಷ ಮುಂಚೆ, ಒಬ್ಬ ಹೆಣ್ಣುಮಗಳು ತನ್ನ ಮಗಳೊಂದಿಗೆ ಅದೇ ಖಿಡಕಿಗೆ ಬಂದಳು. ಕೈಚೀಲದಿಂದ ಒಂದೊಂದೇ ಕಾಗದವನ್ನು ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟಳು. ನಾನು ಗುರುತಿಸಲಿಲ್ಲ. “ಸಾಹೇಬ್ರ, ಈ ಸಲ ಎಲ್ಲಾ ಕಾಗದದಾಗೂ ಹೆಸರು ಒಂದೇ ಐತಿ, ನೋಡ್ರಿ” ಎಂದಳು. ಆಗ ನನಗೆ ಎಲ್ಲವೂ ನೆನಪಾಯಿತು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮಗಳಿಗೆ ಪ್ರವೇಶವಾಯಿತು. ತಾಯಿಗೆ ನಾನು ಏನನ್ನೂ ಹೇಳಲಾರದೆ ರಸೀದಿಯನ್ನು ಬರೆದುಕೊಟ್ಟೆನು.

ಶ್ರೀಗಳವರು ಕೃಪೆಮಾಡಿ ಪ್ರಸಾದನಿಲಯದ ಮುಂಗೋಣೆಯನ್ನು ಪ್ರತಿ ರವಿವಾರ ಈ ಕೆಲಸಕ್ಕಾಗಿ ತೆರೆದಿಡಲು ಒಪ್ಪಿದ್ದಾರೆ. ಮಧ್ಯಾಹ್ನದ ಪ್ರಸಾದವಾದ ಮೇಲೆ ನಾನು ಅಲ್ಲಿ ಕುಳಿತಿರುತ್ತೇನೆ. ಯಾವ ಜಾತಿ, ಯಾವ ಊರಿನ ಮಕ್ಕಳಾದರೂ ಸರಿ, ಒಂಬತ್ತನೆಯ ತರಗತಿಯಿಂದ ಮೇಲಿನವರು ತಮ್ಮಲ್ಲಿರುವ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬರಲಿ. ಹೆಸರುಗಳನ್ನು ಕೂಡಿಯೇ ತಾಳೆ ನೋಡೋಣ. ಸಂಜೆ ಎಷ್ಟು ಹೊತ್ತಾದರೂ ಖಿಡಕಿಯನ್ನು ಮುಚ್ಚುವುದಿಲ್ಲ.