ಮಕ್ಕಳ ಕೆಲಸದ ಜಾಗದಲ್ಲಿ ಜೀವಕ್ಕೆ ಅಪಾಯವಿದ್ದರೆ

ಹಿರಿಯರೇ, ನಿಮ್ಮ ಬಿ.ಪಿ. ನೋಡಿದ್ದಾಯಿತು. ಇನ್ನೊಂದು ಮಾತು. ಊಟಕ್ಕೆ ಕೂತಾಗ ಮಗಳು, "ಲ್ಯಾಬಿನ ಎಕ್ಸಾಸ್ಟ್ ಕೆಟ್ಟಿದೆ, ಆದರೂ ಆಸಿಡ್ ಕೆಲಸ ಮಾಡು ಅಂತಾರೆ" ಎಂದರೆ, "ವೀಸಾ ಮೇಲಿದ್ದೀಯ, ಹೊಂದಿಕೊಂಡು ಹೋಗಮ್ಮ" ಅನ್ನಬೇಡಿ. ಅಮೆರಿಕದ 1970ರ ಸುರಕ್ಷತಾ ಕಾನೂನು ಖಾಸಗಿ ಕಂಪನಿಯಲ್ಲಿ ವೀಸಾ ಮೇಲಿರುವವರಿಗೂ ಅನ್ವಯಿಸುತ್ತದೆ.

ಮೊದಲು ಮ್ಯಾನೇಜರಿಗೆ ಹೇಳಿ ಸರಿಪಡಿಸಲು ಕೇಳಬೇಕು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ, ಯಾರು ನೋಡಿದರೂ ಪ್ರಾಣಾಪಾಯ ಎನ್ನುವಂತಿದ್ದರೆ, ಇನ್‌ಸ್ಪೆಕ್ಟರ್ ಬರುವಷ್ಟು ಸಮಯವೂ ಇಲ್ಲದಿದ್ದರೆ, ಆ ಕೆಲಸ ಒಲ್ಲೆ ಎನ್ನಬಹುದು. ಆದರೆ ಸಿಟ್ಟಿನಲ್ಲಿ ಮನೆಗೆ ಬಂದುಬಿಡಬಾರದು (ನಮ್ಮ ಮಕ್ಕಳಿಗೆ ಸಿಟ್ಟು ಬೇಗ!). ಅಪಾಯದಿಂದ ದೂರ ನಿಂತು ಬೇರೆ ಕೆಲಸ ಕೇಳಬೇಕು. ಹೊರಡಿ ಎನ್ನುವವರೆಗೂ ಅಲ್ಲೇ ಇರಬೇಕು.

ದೂರು ಕೊಡಲು ಸರ್ಕಾರದ ಓಶಾ ಇಲಾಖೆ: 1-800-321-6742. ಇದಕ್ಕಾಗಿ ಕೆಲಸದಿಂದ ತೆಗೆದರೆ 30 ದಿನದೊಳಗೆ ಅಲ್ಲಿಗೇ ತಿಳಿಸಬೇಕು. ನಂಬರನ್ನು ಫ್ರಿಜ್ ಮೇಲೆ ಅಂಟಿಸಿಡಿ.